ದೆವ್ವದ ಬಾಯಿ, ಪಾತ್ರದ ಬಾಯಿ

ಅಮಾಸಿ ದಿವಸ ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಒಂದು ಗಳಿಗೆ ನಿಂತು ನೋಡಿ, ಗೆಳೆಯರೇ. ಉಕ್ಕಡಗಾತ್ರಿ ಬಸ್ಸಿಗೆ ಮುಗಿಬೀಳುವ ಜನರ ನಡುವೆ ತಲೆಗೂದಲು ಬಿಚ್ಚಿಹೋದ ಒಬ್ಬ ಹೆಣ್ಣುಮಗಳು ಇದ್ದೇ ಇರುತ್ತಾಳೆ. ಆಕೆಯ ಎರಡು ರಟ್ಟೆಗಳನ್ನು ಇಬ್ಬರು ಗಂಡಸರು ಹಿಡಿದಿರುತ್ತಾರೆ. ಹಿಂದೆ ಬುತ್ತಿಗಂಟು ಹೊತ್ತ ಮುದುಕಿ. ಏನಾಗೇತಿ ಅಂತ ಕೇಳಿದರೆ, 'ಗಾಳಿ ಸೋಕೇತಪ್ಪ, ಅಜ್ಜಯ್ಯನ ಹತ್ರ ಕರಕೊಂಡು ಹೊಂಟೀವಿ' ಅನ್ನುತ್ತಾಳೆ ಮುದುಕಿ. ಆ ಹೆಣ್ಣುಮಗಳನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ.

ತುಂಗಭದ್ರೆಯ ದಂಡೆಯ ಮೇಲೆ ಕರಿಬಸವೇಶ್ವರ ಅಜ್ಜಯ್ಯನ ಗದ್ದಿಗೆ ಇದೆ. ದೆವ್ವ ಬಿಡಿಸಿಕೊಳ್ಳಲು ದೂರದೂರದ ಜನ ಅಲ್ಲಿಗೆ ಬರುತ್ತಾರೆ. ಹೊಳೆಯಲ್ಲಿ ಮುಳುಗೆದ್ದು, ಒದ್ದೆ ಬಟ್ಟೆಯಲ್ಲಿ ಕೂದಲು ಬೀಸಿ ತೂಗುವವರಲ್ಲಿ, ಕಿರುಚುವವರಲ್ಲಿ, ನೆಲಕ್ಕೆ ಬಿದ್ದು ಹೊರಳುವವರಲ್ಲಿ ಗಂಡಸರೂ ಇದ್ದಾರೆ. ಆದರೆ ನಾವು ಹೋದಾಗಲೆಲ್ಲ ಕಂಡದ್ದು ಹೆಂಗಸರನ್ನೇ ಹೆಚ್ಚು. ನಾವಿಲ್ಲಿ ಯಾರ ಭಕ್ತಿಯನ್ನೂ ಹಳಿಯಲು ಕೂತಿಲ್ಲ. ನಮ್ಮ ಅವ್ವಂದಿರೂ ಆ ಅಜ್ಜಯ್ಯನಿಗೆ ಕಾಯಿ ಒಡೆಸಿದವರೇ. ನಮ್ಮ ಪ್ರಶ್ನೆ ಬೇರೆ. ಈ ದೆವ್ವಗಳು ಕೂಲಿಯ ಹೆಂಗಸರನ್ನೇ, ಬಡಮನೆಯ ಸೊಸೆಯರನ್ನೇ, ಮಕ್ಕಳಾಗದವರನ್ನೇ ಯಾಕೆ ಹುಡುಕಿಕೊಂಡು ಬರುತ್ತವೆ? ನೂರೆಕರೆ ಸಾಹುಕಾರನ ಮೈಮೇಲೆ ಬಂದ ದೆವ್ವವನ್ನು ಯಾರಾದರೂ ನೋಡಿದ್ದೀರಾ?

ನಮ್ಮ ಕೇರಿಯಲ್ಲಿ ಒಬ್ಬ ಚಿಕ್ಕವ್ವ ಇದ್ದಳು. ಚಾನಲ್ ನೀರಿನ ಭತ್ತದ ಗದ್ದೆಯಲ್ಲಿ ನಾಟಿ ಹಚ್ಚುವ ಕೆಲಸ. ಒಂದು ಸಲ ಕೂಲಿ ಬಾಕಿ ಉಳಿಯಿತು. ಕೇಳಲು ಹೋದವಳು ಎಲ್ಲರ ಎದುರು ಬಾಯಿಗೆ ಬಂದಂತೆ ಬೈಸಿಕೊಂಡು ಬಂದಳು. ಅವತ್ತಿನಿಂದ ಮಾತು ಬಿಟ್ಟಳು, ಕೂಳು ಬಿಟ್ಟಳು. ಒಂದು ರಾತ್ರಿ ಎದ್ದು ಕೂತು ಗಂಡಸಿನ ದನಿಯಲ್ಲಿ ಅಬ್ಬರಿಸತೊಡಗಿದಳು. ಮನೆಯವರು ಸಾಲ ಮಾಡಿ ಗಾತ್ರಿಗೆ ಕರೆದೊಯ್ದರು. ಅಲ್ಲಿ ಹೊಳೆ ಮಿಂದು ಬಂದ ಚಿಕ್ಕವ್ವ ಜಮೀನಿನ ಒಡೆಯನ ಹೆಸರು ಹಿಡಿದು ಕೂಗಿದಳು: 'ಲೇ, ನನ್ನ ಕೂಲಿ ತಂದು ಇಡಲೇ!' ಅವನ ಎದುರು ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದ ಚಿಕ್ಕವ್ವ! ಸುತ್ತ ನಿಂತವರೆಲ್ಲ ಕೈಮುಗಿದು ಕೇಳಿದರು. ಯಾಕೆಂದರೆ ಅವರ ಲೆಕ್ಕದಲ್ಲಿ ಮಾತಾಡಿದ್ದು ಚಿಕ್ಕವ್ವ ಅಲ್ಲ, ದೆವ್ವ. 'ಏನು ಬೇಕು ಹೇಳಪ್ಪಾ, ಕೊಡ್ತೀವಿ, ಈಕಿನ್ನ ಬಿಟ್ಟು ಹೋಗು' ಅಂತ ದೆವ್ವಕ್ಕೆ ಬೇಡಿಕೊಂಡರು. ಊರಿಗೆ ಬಂದ ಮೇಲೆ ಚಿಕ್ಕವ್ವ ಮೊದಲಿನ ಹಾಗೆ ತಲೆ ಬಗ್ಗಿಸಿ ನಾಟಿಗೆ ಹೋದಳು. ದೆವ್ವ ಬಿಟ್ಟಿತು ಅಂದರು. ಕೂಲಿ ಮಾತ್ರ ಬರಲಿಲ್ಲ.

ಈ ಸೀಮೆಯಲ್ಲಿ ಹೆಣ್ಣೊಬ್ಬಳು ನಾಲ್ಕು ಜನರ ಎದುರು ಎದೆಯೆತ್ತಿ ಕೂಗಬಹುದಾದ ಇನ್ನೊಂದು ಜಾಗ ಇತ್ತು. ಅದು ನಾಟಕದ ಸ್ಟೇಜು. ದೊಡ್ಡ ಮಾತಿಗೆ ಹೋಗುವ ಮೊದಲು ಆ ಸ್ಟೇಜಿನ ಮೇಲೆ ಬದುಕು ಸವೆಸಿದ ಒಬ್ಬಾಕೆಯ ಕತೆ ನೋಡೋಣ. ಆಕೆ ಈ ನೆಲದವರೇ. ಚಿಂದೋಡಿ ಲೀಲಾ.

ದಾವಣಗೆರೆ ಹತ್ತಿಯ ಊರು, ಗಿರಣಿಯ ಊರು. ಹಗಲೆಲ್ಲ ನೂಲಿನ ಧೂಳು ಕುಡಿದ ಕೂಲಿಕಾರ ರಾತ್ರಿ ನಾಟಕದ ತಗಡಿನ ಥಿಯೇಟರಿನಲ್ಲಿ ನೆಲಕ್ಕೆ ಕೂತು ಶಿಳ್ಳೆ ಹೊಡೆಯುತ್ತಿದ್ದ ಊರು. ಅಲ್ಲಿ 1928ರಲ್ಲಿ ಚಿಂದೋಡಿ ವೀರಪ್ಪನವರು ಕೆ.ಬಿ.ಆರ್. ನಾಟಕ ಕಂಪನಿ ಕಟ್ಟಿದರು. ಆ ಮೂರಕ್ಷರ ಬಿಡಿಸಿದರೆ ಕರಿಬಸವ ಎಂಬ ಹೆಸರೇ ಸಿಗುತ್ತದೆ. ಹೊಳೆದಂಡೆಯಲ್ಲೂ ಕರಿಬಸವ, ಕಂಪನಿಯ ಬೋರ್ಡಿನ ಮೇಲೂ ಕರಿಬಸವ. ಒಂದು ಕಡೆ ಹೆಣ್ಣು ಕೂಗಿದರೆ ದೆವ್ವ ಅಂದರು, ಇನ್ನೊಂದು ಕಡೆ ಕೂಗಿದರೆ ಒನ್ಸ್‌ಮೋರ್ ಅಂದರು.

ಲೀಲಾ ಹುಟ್ಟಿದ್ದು 1937ರಲ್ಲಿ, ಆ ವೀರಪ್ಪನವರ ಮಗಳಾಗಿ. ಕಂಪನಿಯೇ ಮನೆ, ಪರದೆಯೇ ಗೋಡೆ. ಆಮೇಲೆ ಕಂಪನಿಗೆ ಆಕೆಯೇ ಮುಖವಾದರು. 'ಪೊಲೀಸನ ಮಗಳು', 'ಹಳ್ಳಿ ಹುಡುಗಿ' ಎಂದರೆ ಇವತ್ತಿಗೂ ಬಯಲುಸೀಮೆಯ, ಬೆಳಗಾವಿ ಕಡೆಯ ಮುದುಕರ ಕಣ್ಣು ಅರಳುತ್ತವೆ. ಹಾಡು, ಮಾತು, ಕುಣಿತ, ಲೆಕ್ಕಪತ್ರ, ಊರಿಂದೂರಿಗೆ ಸಾಮಾನು ಸಾಗಿಸುವ ಲಾರಿ, ಮಳೆಗಾಲದ ಸಾಲ, ಇವೆಲ್ಲದರ ನಡುವೆ ಆಕೆ ನಿಂತಿದ್ದರು. ಸಿನಿಮಾದಲ್ಲೂ ಪಾತ್ರ ಮಾಡಿದರು. 1970ರ 'ಶ್ರೀ ಕೃಷ್ಣದೇವರಾಯ', 1971ರ 'ಶರಪಂಜರ', 1981ರ 'ಗಾಳಿಮಾತು' ಚಿತ್ರಗಳಲ್ಲಿ ಅವರ ಮುಖ ಕಾಣುತ್ತದೆ. 1988ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ಕೊಟ್ಟಿತು. 2010ರ ಜನವರಿಯಲ್ಲಿ ತೀರಿಕೊಂಡರು.

ಇಷ್ಟು ಬರೆದು ಕೆಳಗೆ 'ಕನ್ನಡ ತಾಯಿಯ ವರಪುತ್ರಿ' ಅಂತ ಸೇರಿಸಿದರೆ ಪತ್ರಿಕೆಗಳ ಶ್ರದ್ಧಾಂಜಲಿ ಮುಗಿಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ ಮುಗಿಯಿತು. ನಮಗೆ ಅಷ್ಟಕ್ಕೆ ಮುಗಿಸಲು ಆಗುವುದಿಲ್ಲ.

ಯಾಕೆಂದರೆ ನಾವು ಕಿವಿಯಾರೆ ಕೇಳಿದ ಒಂದು ಮಾತಿದೆ. 'ಕಂಪನಿ ಹೆಂಗಸು.' ಊರ ಕಟ್ಟೆಯ ಮೇಲೆ ಕೂತ ಗಂಡಸು ಈ ಮಾತನ್ನು ಹೇಳುವಾಗ ಅವನ ತುಟಿ ಹೇಗೆ ಸೊಟ್ಟಗಾಗುತ್ತದೆ ನೋಡಿ. ರಾತ್ರಿ ಟಿಕೆಟ್ ಕೊಟ್ಟು ಮುಂದಿನ ಸಾಲಿನಲ್ಲಿ ಕೂತವನೂ ಅವನೇ, ಸೀತೆಯ ಪಾತ್ರ ಬಂದಾಗ ಕಣ್ಣೀರು ಒರೆಸಿಕೊಂಡವನೂ ಅವನೇ. ಬೆಳಗಾದ ಮೇಲೆ ಆ ಸೀತೆ ಅಂಗಡಿಗೆ ಬಂದು ಅರ್ಧ ಕಿಲೋ ಸಕ್ಕರೆ ಕೇಳಿದರೆ ಕಣ್ಣು ಹೊಡೆಯುವವನೂ ಅವನೇ! ಬಹಳ ಕಾಲ ಈ ನಾಡಿನಲ್ಲಿ ಹೆಂಗಸಿನ ಪಾತ್ರವನ್ನು ಗಂಡಸರೇ ಮಾಡಿದರು. ಮೀಸೆ ಬೋಳಿಸಿ ಸೀರೆ ಉಟ್ಟ ಗಂಡಸಿಗೆ ಕಲಾವಿದ ಎಂಬ ಹೆಸರು ಸಿಕ್ಕಿತು. ತನ್ನದೇ ಸೀರೆ ಉಟ್ಟು ತನ್ನದೇ ದನಿಯಲ್ಲಿ ಹಾಡಿದ ಹೆಂಗಸಿಗೆ ಸಿಕ್ಕಿದ್ದು ಬೇರೆ ಹೆಸರು. 1958ರಲ್ಲಿ ಮೈಸೂರಿನ ಆರ್. ನಾಗರತ್ನಮ್ಮ ಇದನ್ನು ತಿರುಗಿಸಿ ಹಾಕಿದರು. ಬರೀ ಹೆಂಗಸರ ಸ್ತ್ರೀ ನಾಟಕ ಮಂಡಳಿ ಕಟ್ಟಿ ತಾವೇ ಮೀಸೆ ಹಚ್ಚಿ ಕಂಸನಾದರು. ಅವರಿಗೆ ಪದ್ಮಶ್ರೀ ಬಂದದ್ದು 2012ರಲ್ಲಿ. ಮಂಡಳಿ ಕಟ್ಟಿ 54 ವರ್ಷ ಕಳೆದ ಮೇಲೆ, ತೀರಿಕೊಂಡ ವರ್ಷವೇ!

ಈ ಹೆಂಗಸರ ಮಾನ ಕಳೆದವರು ಯಾರು? ಗುಡಿಯ ಹೆಸರಿನಲ್ಲಿ ನಮ್ಮ ಕೇರಿಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸಿದ ವ್ಯವಸ್ಥೆಯೇ ಹಾಡುವ ಹೆಣ್ಣು, ಕುಣಿಯುವ ಹೆಣ್ಣು ಎಂದರೆ ಊರಿನ ಸೊತ್ತು ಎಂಬ ಬುದ್ಧಿಯನ್ನು ಗಂಡಸಿನ ತಲೆಗೆ ತುಂಬಿತು. ಹರಿಹರದಿಂದ ದೂರವೇನೂ ಇಲ್ಲದ ಉಚ್ಚಂಗಿದುರ್ಗದ ಹುಣ್ಣಿಮೆ ಜಾತ್ರೆಯ ಚರಿತ್ರೆ ನಮಗೆ ಗೊತ್ತು. ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾನೂನು ಬಂದದ್ದು 1982ರಲ್ಲಿ. ಕಾನೂನು ಮುತ್ತು ಹರಿಯಿತು. ಗಂಡಸಿನ ಕಣ್ಣನ್ನು ಬದಲಿಸಲಿಲ್ಲ. ಆ ಕಣ್ಣೇ ಸ್ಟೇಜಿನ ಮೇಲಿನ ಹೆಂಗಸನ್ನು ನೋಡುತ್ತದೆ. ಆಕೆ ಯಾವ ಜಾತಿಯವಳೇ ಆಗಲಿ, ಪದ್ಮಶ್ರೀಯೇ ಆಗಲಿ.

ಚಿಂದೋಡಿ ಲೀಲಾ ಕಂಪನಿಯ ಒಡೆಯರ ಮಗಳು. ಬೆನ್ನಿಗೆ ಅಪ್ಪನ ಹೆಸರಿತ್ತು, ಅಣ್ಣತಮ್ಮಂದಿರ ಬಲವಿತ್ತು, ಬೋರ್ಡಿನ ಮೇಲೆ ದೇವರ ಹೆಸರಿತ್ತು. ಇದನ್ನು ಹೇಳಿದರೆ ಆಕೆಯ ದುಡಿಮೆ ಸಣ್ಣದಾಗುವುದಿಲ್ಲ. ಆದರೆ ಅವರ ಪಕ್ಕದಲ್ಲಿ ಸಖಿಯಾಗಿ, ದಾಸಿಯಾಗಿ, ಎರಡನೆಯ ನಾಯಕಿಯಾಗಿ ನಿಂತವರು ಯಾರು? ಈ ನಾಡಿನ ಹತ್ತಾರು ಕಂಪನಿಗಳಲ್ಲಿ ಬಣ್ಣ ಹಚ್ಚಿ, ಕಂಪನಿ ಮುಳುಗಿದ ದಿನ ಟ್ರಂಕು ಹೊತ್ತು ಬಸ್ಸು ಹತ್ತಿದವರು ಯಾರು? ಅವರ ಹೆಸರು ಯಾವ ರಂಗಭೂಮಿಯ ಇತಿಹಾಸದಲ್ಲಿದೆ? ಒಡೆಯನ ಮಗಳನ್ನೇ ಓರೆಗಣ್ಣಿನಲ್ಲಿ ನೋಡುವ ಸಮಾಜ ಕೇರಿಯಿಂದ ಬಂದ ನಟಿಯನ್ನು ಹೇಗೆ ನೋಡಿರಬಹುದು?

ಹೇಗೆ ನೋಡುತ್ತದೆ ಎಂಬುದನ್ನು ನಾವು ನಮ್ಮ ಊರಲ್ಲೇ ನೋಡಿದ್ದೇವೆ. ಜಾತ್ರೆಗೆ ಸಾಮಾಜಿಕ ನಾಟಕ. ಊರ ಹುಡುಗರೇ ಪಾತ್ರಧಾರಿಗಳು, ಪೇಟಿ ಮಾಸ್ತರು ಎರಡು ತಿಂಗಳು ಕಲಿಸಿದ್ದರು. ಹೆಣ್ಣುಪಾತ್ರಕ್ಕೆ ಮಾತ್ರ ಪಟ್ಟಣದಿಂದ ಮುಂಗಡ ಕೊಟ್ಟು ಇಬ್ಬರು ನಟಿಯರನ್ನು ಕರೆಸಿದ್ದರು. ಹ್ಯಾಂಡ್‌ಬಿಲ್ಲಿನಲ್ಲಿ ಅವರ ಫೋಟೋ ಎಲ್ಲರಿಗಿಂತ ದೊಡ್ಡದು. ರಾತ್ರಿ ಹತ್ತಕ್ಕೆ ಶುರುವಾದ ನಾಟಕ ಕೋಳಿ ಕೂಗುವವರೆಗೂ ನಡೆಯಿತು. ಆ ಅಕ್ಕ ಎರಡೇ ತಾಸು ಪುಸ್ತಕ ನೋಡಿ, ತಾನು ಎಂದೂ ಕಾಣದ ಹುಡುಗರ ಜೊತೆ ಒಂದು ಮಾತೂ ತಪ್ಪದೆ ಪಾತ್ರ ಮಾಡಿದಳು. ಮಾತು ಮರೆತ ನಾಯಕನಿಗೆ ಪಿಸುಗುಟ್ಟಿ ಮಾತು ಕೊಟ್ಟಳು. ಮೆಚ್ಚಿದವರು ಸ್ಟೇಜು ಹತ್ತಿ ಸೆರಗಿಗೆ ನೋಟು ಪಿನ್ನು ಮಾಡಿದರು. ಪಿನ್ನು ಮಾಡುವ ಕೈ ಸೆರಗಿನಲ್ಲೇ ನಿಲ್ಲಲಿಲ್ಲ. ಆಕೆ ನಗುತ್ತಲೇ ಒಂದು ಹೆಜ್ಜೆ ಹಿಂದೆ ಸರಿದಳು. ಜನ ಅದಕ್ಕೂ ಶಿಳ್ಳೆ ಹೊಡೆದರು.

ನಾಟಕ ಮುಗಿದ ಮೇಲೆ ಮೊದಲ ಬಸ್ಸು ಬರುವವರೆಗೆ ಆಕೆ ಮೈ ಚಾಚಲು ಊರಿನ ಒಂದು ಪಡಸಾಲೆಯೂ ಸಿಗಲಿಲ್ಲ. 'ನಾಟಕದೋರು, ಯಾವ ಜಾತಿಯೋ ಏನೋ' ಅಂದರು. ರಾತ್ರಿಯಿಡೀ ಆಕೆಯನ್ನು ರಾಣಿ ಅಂತ ಕೂಗಿದವರೇ ಅಂದರು. ಕೊನೆಗೆ ಆಕೆ ಬಂದು ಮಲಗಿದ್ದು ನಮ್ಮ ಕೇರಿಯ ಒಂದು ಗುಡಿಸಲಿನ ಜಗುಲಿಯ ಮೇಲೆ. ನಮ್ಮ ಅವ್ವ ಚಾ ಕಾಸಿ ಕೊಟ್ಟಳು. ಬಣ್ಣ ಒರೆಸಿಕೊಳ್ಳುತ್ತಾ ಆಕೆ ಕೇಳಿದ್ದು ಒಂದೇ ಮಾತು: 'ಯವ್ವಾ, ಬಾಕಿ ರೊಕ್ಕ ಇನ್ನೂ ಕೊಟ್ಟಿಲ್ಲ. ಮ್ಯಾನೇಜರ್ ಮನೆ ಎಲ್ಲಿ ಬರ್ತೈತಿ?' ಅವ್ವ ನಮ್ಮ ಮುಖ ನೋಡಿದಳು. ಚಿಕ್ಕವ್ವನ ಕೂಲಿ, ಈ ಅಕ್ಕನ ಕೂಲಿ, ಎರಡೂ ಒಂದೇ ಬೀದಿಯಲ್ಲಿ ಬಾಕಿ ಇದ್ದವು.

ಇದು ಒಂದು ಊರಿನ ಕತೆ ಅಂತ ತಳ್ಳಿಹಾಕಬೇಡಿ. ಮಲಯಾಳದ ಮೊದಲ ಸಿನಿಮಾ 'ವಿಗತಕುಮಾರನ್'. ಅದರ ನಾಯಕಿ ಪಿ.ಕೆ. ರೋಸಿ, ಪುಲಯರ ಹೆಣ್ಣುಮಗಳು, ಕೂಲಿ ಮಾಡುತ್ತಿದ್ದವಳು. ಆಕೆ ಮಾಡಿದ ಪಾತ್ರ ನಾಯರ್ ಹೆಣ್ಣಿನದು. 1930ರ ಸುಮಾರಿಗೆ ತಿರುವನಂತಪುರದಲ್ಲಿ ಸಿನಿಮಾ ತೋರಿಸಿದಾಗ ಮೇಲ್ಜಾತಿಯವರು ಪರದೆಗೆ ಕಲ್ಲು ತೂರಿದರು. ಆಕೆಯ ಗುಡಿಸಲು ಸುಟ್ಟಿತು. ರೋಸಿ ರಾತ್ರೋರಾತ್ರಿ ತಮಿಳುನಾಡಿನ ಕಡೆ ಓಡಿಹೋದಳು. ಮತ್ತೆಂದೂ ಸಿನಿಮಾದಲ್ಲಿ ಬರಲಿಲ್ಲ. ಪಾತ್ರದಲ್ಲಿ ಕೂಡಾ ನಾವು ಅವರಾಗುವುದನ್ನು ಅವರು ಸಹಿಸಲಿಲ್ಲ! ಮಹಾರಾಷ್ಟ್ರದ ತಮಾಶಾ ಕಲಾವಿದೆ ವಿಠಾಬಾಯಿ ನಾರಾಯಣಗಾಂವಕರ್ ಮಾಂಗರ ಹೆಣ್ಣುಮಗಳು. ತುಂಬು ಬಸುರಿಯಾಗಿ ಕುಣಿಯುತ್ತಿದ್ದಾಗ ಹೆರಿಗೆ ನೋವು ಬಂತು. ಪರದೆಯ ಹಿಂದೆ ಹೋಗಿ ಹೆತ್ತು, ಕರುಳಬಳ್ಳಿಯನ್ನು ಕಲ್ಲಿನಿಂದ ಜಜ್ಜಿ ಕತ್ತರಿಸಿ, ಮತ್ತೆ ಕುಣಿಯಲು ಬಂದಳು. 1957ರಲ್ಲಿ, 1990ರಲ್ಲಿ, ಎರಡು ಸಲ ರಾಷ್ಟ್ರಪತಿಗಳ ಕೈಯಿಂದ ಪ್ರಶಸ್ತಿ ಬಂತು. 2002ರಲ್ಲಿ ಸತ್ತಾಗ ಆಸ್ಪತ್ರೆಯ ಬಿಲ್ಲು ಕಟ್ಟಲು ದಾನಿಗಳು ಬೇಕಾದರು. ಪ್ರಶಸ್ತಿಯನ್ನು ಕೊಡುವ ಸರ್ಕಾರಕ್ಕೆ ಕೂಲಿಯನ್ನು ಕೊಡಲು ಬರುವುದಿಲ್ಲ.

ಇದು ತಳದ ಜಾತಿಯ ನಟಿಯರ ಪಾಡು ಮಾತ್ರವೇ ಎಂದು ಕೇಳುವವರು ಮತ್ತೆ 'ಶರಪಂಜರ'ಕ್ಕೆ ಬನ್ನಿ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ. ಹೆರಿಗೆಯ ನಂತರ ಮನಸ್ಸು ಕೆಟ್ಟ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಆಕೆಗೆ ರೋಗ ಬಿಟ್ಟಿದೆ; ಆದರೆ ಮನೆಯವರು, ನೆರೆಯವರು ಆಕೆಯನ್ನು ಹುಚ್ಚಿ ಎಂದು ನೋಡುವುದನ್ನು ಬಿಡುವುದಿಲ್ಲ. ಆ ನೋಟವೇ ಆಕೆಯನ್ನು ಮತ್ತೆ ಹುಚ್ಚಿಗೆ ತಳ್ಳುತ್ತದೆ. ಅದು ಮೇಲ್ಜಾತಿಯ, ಪೇಟೆಯ, ಓದಿದವರ ಮನೆ. ಅವರಿಗೆ ಆಸ್ಪತ್ರೆ ಇತ್ತು, ನಮ್ಮ ಚಿಕ್ಕವ್ವನಿಗೆ ಗಾತ್ರಿ ಇತ್ತು. ಕಾರು ಬೇರೆ, ಬಸ್ಸು ಬೇರೆ, ಹೋಗಿ ಸೇರುವ ಜಾಗ ಒಂದೇ. ಕಾವೇರಿಯ ಪಾತ್ರ ಮಾಡಿದ ಕಲ್ಪನಾ ಮಿನುಗುತಾರೆ ಅನ್ನಿಸಿಕೊಂಡರು. ಅದೇ ತಾರೆ ಸಿನಿಮಾದ ಅವಕಾಶಗಳು ಕಡಿಮೆಯಾದಾಗ ಕಂಪನಿ ನಾಟಕಕ್ಕೆ ಬಂದರು. 1979ರ ಮೇ ತಿಂಗಳಲ್ಲಿ ಸಂಕೇಶ್ವರದ ಹತ್ತಿರ ಗೋಟೂರಿನ ಬಂಗಲೆಯಲ್ಲಿ ಅವರ ಬದುಕು ಮುಗಿಯಿತು. ಆಗ ಅವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಬದುಕಿದ್ದಾಗ ಆಕೆ ಹೇಳಿದ್ದನ್ನು ಕೇಳದ ಜನ ಸತ್ತ ಮೇಲೆ ಆಕೆಯ ಬಗ್ಗೆ ಎಷ್ಟು ಕತೆ ಕಟ್ಟಿದರು! ಆ ಸಾವಿನ ಸುತ್ತ ಗುಸುಗುಸು ಮಾಡಿದ ಬಾಯಿಗಳು 'ಶರಪಂಜರ' ನೋಡಿ ಅತ್ತ ಬಾಯಿಗಳೇ.

ಈಗ ಓದಿದ ಗೆಳೆಯರ ಸರದಿ. ಕಂಪನಿ ನಾಟಕ ಎಂದರೆ ಮೂಗು ಮುರಿಯುವ ರಂಗಪಂಡಿತರನ್ನು ನಾವು ನೋಡಿದ್ದೇವೆ. ಅದು ಕಿರುಚಾಟ, ಅದು ಅಶ್ಲೀಲ, ಅದಕ್ಕೆ ರಂಗಭಾಷೆ ಗೊತ್ತಿಲ್ಲ ಅನ್ನುತ್ತಾರೆ. ಕಿರುಚಾಟ ನಿಜ. ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿನ ಗಿರಣಿ ಕೂಲಿಕಾರನಿಗೆ ಕೇಳಿಸಬೇಕಾದರೆ ಪಿಸುಮಾತು ಸಾಕಾಗುವುದಿಲ್ಲ. ಅಶ್ಲೀಲವೂ ನಿಜ. ಎರಡರ್ಥದ ಮಾತು ಬರೆದವನು ಯಾರು, ಬರೆಸಿದವನು ಯಾರು, ಗಲ್ಲಾಪೆಟ್ಟಿಗೆಯ ಮೇಲೆ ಕೂತವನು ಯಾರು? ಗಂಡಸು ಬರೆದದ್ದನ್ನು ಹೊಟ್ಟೆಪಾಡಿಗೆ ಆಡಿದ ಹೆಂಗಸಿಗೆ ಮಾತ್ರ ಕೆಟ್ಟವಳೆಂಬ ಹೆಸರು! ನಾವು ಕಂಪನಿ ನಾಟಕವನ್ನು ಕ್ರಾಂತಿ ಎಂದು ಕರೆಯುವುದಿಲ್ಲ. ಅದರ ಕೊನೆಯ ದೃಶ್ಯದಲ್ಲಿ ಸಾಹುಕಾರ ಮನಸ್ಸು ಬದಲಿಸುತ್ತಾನೆ, ಹೆಣ್ಣು ಗಂಡನ ಕಾಲಿಗೆ ಬೀಳುತ್ತಾಳೆ, ಮಂಗಳ ಹಾಡುತ್ತಾರೆ. ಅಷ್ಟರೊಳಗೆ ಮೂರು ತಾಸು ಆಕೆ ಎದುರು ಮಾತಾಡಿರುತ್ತಾಳೆ. ಹಿಂದಿನ ಸಾಲಿನಲ್ಲಿ ಮಗುವಿಗೆ ಹಾಲೂಡಿಸುತ್ತಾ ಕೂತ ನಮ್ಮ ಅವ್ವ ಮಂಗಳವನ್ನು ಮರೆತಳು, ಆ ಎದುರುಮಾತನ್ನು ಮರೆಯಲಿಲ್ಲ. ಗದ್ದೆಯಲ್ಲಿ ಸಸಿ ಹಚ್ಚುವಾಗ ಅದನ್ನೇ ಹೇಳಿ ನಗುತ್ತಿದ್ದಳು.

ನಮ್ಮವರೇ ಸ್ಟೇಜಿಗೆ ನಮ್ಮ ಮಾತು ತಂದದ್ದೂ ಉಂಟು. ದೇವನೂರ ಮಹಾದೇವ ಅವರ 'ಒಡಲಾಳ'ವನ್ನು ಸಿ.ಜಿ. ಕೃಷ್ಣಸ್ವಾಮಿ ನಾಟಕ ಮಾಡಿಸಿದಾಗ ಸಾಕವ್ವನಾಗಿ ಬಂದವರು ಉಮಾಶ್ರೀ. ಸಿನಿಮಾದವರು ಆಕೆಗೆ ಬಹುಕಾಲ ಕೊಟ್ಟದ್ದು ಎರಡರ್ಥದ ನಗೆಯ ಪಾತ್ರಗಳನ್ನು. ಕಳೆದುಹೋದ ತನ್ನ ಹುಂಜಕ್ಕಾಗಿ ಊರಿಡೀ ಶಪಿಸುವ ಮುದುಕಿಯಾಗಿ ಆಕೆ ನಿಂತಾಗ, ಪೇಟೆಯ ಜನ ಕೇರಿಯ ಅಜ್ಜಿಯ ಬೈಗುಳವನ್ನು ಉಸಿರು ಹಿಡಿದು ಕೇಳಿದರು. 2008ರ 'ಗುಲಾಬಿ ಟಾಕೀಸ್'ಗೆ ರಾಷ್ಟ್ರಪ್ರಶಸ್ತಿ ಬಂತು. 2013ರಲ್ಲಿ ಆಕೆ ಮಂತ್ರಿಯಾದರು, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಂತ್ರಿ. ನಟಿ ಎಂದು ತುಟಿ ಸೊಟ್ಟ ಮಾಡಿದವರು ಅವತ್ತು ಅರ್ಜಿ ಹಿಡಿದು ಬಾಗಿಲಲ್ಲಿ ನಿಂತರು. ಸಂತೋಷ. ಆದರೆ ಸಾಕವ್ವನ ಬೈಗುಳಕ್ಕೆ ಚಪ್ಪಾಳೆ ಹೊಡೆದ ಅದೇ ಜನರ ಮನೆಯ ಮುಂದೆ ನಿಜವಾದ ಸಾಕವ್ವ ಬಂದು ಬೈದರೆ? ಪೊಲೀಸರನ್ನು ಕರೆಸುತ್ತಾರೆ, ಇಲ್ಲವೇ ಗಾತ್ರಿ ಬಸ್ಸು ಹತ್ತಿಸುತ್ತಾರೆ.

ಇಲ್ಲಿಗೇ ನಮ್ಮ ವಾದ ಬಂದು ನಿಲ್ಲುತ್ತದೆ. ಹೆಣ್ಣು ದೆವ್ವವಾಗಿ ಮಾತಾಡಿದರೆ ಕೈಮುಗಿಯುತ್ತಾರೆ. ಪಾತ್ರವಾಗಿ ಮಾತಾಡಿದರೆ ಚಪ್ಪಾಳೆ ಹೊಡೆಯುತ್ತಾರೆ. ತಾನು ತಾನಾಗಿ ಮಾತಾಡಿದರೆ ಮಾತ್ರ ಕಪಾಳಕ್ಕೆ ಹೊಡೆಯುತ್ತಾರೆ. ಮೊದಲಿನ ಎರಡನ್ನೂ ಈ ಸಮಾಜ ತಡೆದುಕೊಳ್ಳುತ್ತದೆ. ಯಾಕೆಂದರೆ ದೆವ್ವ ಬೆಳಗ್ಗೆ ಬಿಟ್ಟುಹೋಗುತ್ತದೆ, ಬಣ್ಣ ಬೆಳಗ್ಗೆ ತೊಳೆದುಹೋಗುತ್ತದೆ. ಹೊಲದ ಒಡೆತನ, ಕೂಲಿಯ ದರ, ಗಂಡನ ಕೈ ಎಲ್ಲಾ ಇದ್ದಲ್ಲೇ ಇರುತ್ತವೆ. ಆದರೂ ನಟಿಯ ಬದುಕು ದೆವ್ವದ ಬಾಯಿಗಿಂತ ಒಂದು ಹೆಜ್ಜೆ ಮುಂದೆ. ಚಿಂದೋಡಿ ಲೀಲಾ ಆ ಕೂಗಿಗೆ ಟಿಕೆಟ್ ಇಟ್ಟರು. ಕೂಗನ್ನು ಕಸುಬು ಮಾಡಿದರು. ಅದರಿಂದ ಹತ್ತಾರು ಮನೆಯ ಒಲೆ ಉರಿಯಿತು. ಆಕೆಯ ಕೆರಿಯರ್ ಎಂದು ಪತ್ರಿಕೆಯವರು ಬರೆಯುವುದು ಇದನ್ನೇ. ನಮ್ಮ ಭಾಷೆಯಲ್ಲಿ ಅದು ದುಡಿಮೆ. ದುಡಿಮೆ ಎಂದ ಮೇಲೆ ಕೂಲಿ, ಮಾನ, ಮುಪ್ಪಿಗೆ ಅನ್ನ, ಇವು ಹಕ್ಕು. ಶಾಲು ಹಾರ ಅಲ್ಲ.

ಬಂಡಾಯದ ಗೆಳೆಯರೇ, ಕೊನೆಯ ಬೈಗುಳ ನಮಗೇ ಇರಲಿ. ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ಇದೇ ಹರಿಹರದವರು. 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ತಡೆಯಲು ಹೋದ ನಮ್ಮ ಕಾರ್ಯಕರ್ತರು ಹೊಡೆತ ತಿಂದರು, ಅವರ ಬಟ್ಟೆಯನ್ನೇ ಬಿಚ್ಚಿದರು. ಆದರೂ ಬಿಡಲಿಲ್ಲ, ಆ ಸೇವೆ ನಿಂತಿತು. ಅಂಥ ಹಾದಿಯಲ್ಲಿ ಬಂದ ನಾವು ಸಭೆಯಲ್ಲಿ ಕ್ರಾಂತಿಗೀತೆ ಹಾಡಿ, ಜಾತ್ರೆಯ ನಾಟಕದಲ್ಲಿ ನಟಿ ಬಂದಾಗ ಊರ ಗಂಡಸರ ಜೊತೆ ಶಿಳ್ಳೆ ಹೊಡೆದಿದ್ದೇವೆ. ನಮ್ಮ ಮನೆಯ ಹೆಣ್ಣು ನಾಲ್ಕು ದಿನ ಮಾತು ಬಿಟ್ಟರೆ ಯಾಕವ್ವಾ ಎಂದು ಕೇಳದೆ ತಾಯಿತ ತರಲು ಹೋಗಿದ್ದೇವೆ. ಬಿ.ಎ. ಪಾಸಾದ ನಾವೇ! ಚಿಕ್ಕವ್ವನ ಜೊತೆ ಆ ಬಸ್ಸಿನಲ್ಲಿ ರಟ್ಟೆ ಹಿಡಿದು ಕೂತವರಲ್ಲಿ ನಾವೂ ಇದ್ದೆವು. ಇದನ್ನು ಬರೆಯುವಾಗ ಕೈ ನಡುಗುತ್ತದೆ. ನಡುಗಲಿ.

ಹಾಗಾದರೆ ಏನು ಮಾಡಬೇಕು? ದೊಡ್ಡ ಘೋಷಣೆ ಬೇಡ. ಹಳ್ಳಿಯ ಮಾಸ್ತರರೇ, ನಿಮ್ಮ ಊರಿನಲ್ಲಿ ನಾಟಕ ಆಡುವಾಗ ನಟಿಯ ಪೂರ್ತಿ ಸಂಭಾವನೆಯನ್ನು ಪರದೆ ಏಳುವ ಮೊದಲೇ ಕೊಡಿಸಿ. ಮಲಗಲು ಬಾಗಿಲಿಗೆ ಚಿಲಕ ಇರುವ ಒಂದು ಕೋಣೆ ಕೊಡಿಸಿ, ಶಾಲೆಯ ಕೋಣೆಯಾದರೂ ಸರಿ. ಸ್ಟೇಜು ಹತ್ತಿ ನೋಟು ಚುಚ್ಚುವ ಚಾಳಿಯನ್ನು ನಿಲ್ಲಿಸಿ. ವಿದ್ಯಾರ್ಥಿಗಳೇ, ನಿಮ್ಮ ತಾಲ್ಲೂಕಿನಲ್ಲಿ ಬಣ್ಣ ಒರೆಸಿಕೊಂಡು ಮೂಲೆ ಸೇರಿದ ನಟಿಯರನ್ನು ಹುಡುಕಿ. ಅವರು ಯಾವ ಕಂಪನಿಯಲ್ಲಿ, ಯಾವ ಪಾತ್ರ, ಎಷ್ಟು ಸಂಬಳಕ್ಕೆ ಮಾಡಿದರು, ಬರೆದುಕೊಳ್ಳಿ. ಕಲಾವಿದರ ಮಾಸಾಶನದ ಅರ್ಜಿಗೆ ದಾಖಲೆ ಕೇಳುತ್ತಾರೆ. ಕಂಪನಿಯೇ ಮುಳುಗಿದ ಮೇಲೆ ದಾಖಲೆ ಎಲ್ಲಿಂದ ಬರಬೇಕು? ಒಂದು ಹಳೆಯ ಹ್ಯಾಂಡ್‌ಬಿಲ್ಲು, ಒಂದು ಫೋಟೋ, ನೋಡಿದವರ ನಾಲ್ಕು ಮಾತು, ಇವನ್ನು 'ಕೂಡಿಸಿಟ್ಟರೆ' ಒಬ್ಬ ಮುದುಕಿಗೆ ಗಂಜಿ ಸಿಗುತ್ತದೆ. ಅದೇ ಇತಿಹಾಸವೂ ಆಗುತ್ತದೆ.

ಕಾರ್ಯಕರ್ತರೇ, ಅಮಾನವೀಯ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕಾಯ್ದೆಯನ್ನು ನಮ್ಮ ರಾಜ್ಯ 2017ರಲ್ಲಿ ಮಾಡಿತು, 2020ರಿಂದ ಅದು ಜಾರಿಯಲ್ಲಿದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆದರೆ, ಕಟ್ಟಿಹಾಕಿದರೆ ಅಪರಾಧ ಎಂದು ಅದರಲ್ಲಿದೆ. ಒಳ್ಳೆಯದು. ಊರೂರಿಗೆ ಹೋಗಿ ಓದಿ ಹೇಳಿ. ಆದರೆ ಕಾಯ್ದೆ ಹೊಡೆಯುವ ಕೈಯನ್ನು ಹಿಡಿಯಬಹುದು, ಹೆಣ್ಣಿನ ಬಾಯಿಯನ್ನು ಬಿಡಿಸಲಾರದು. ಗಾತ್ರಿಗೆ ಹೊರಟ ಹೆಣ್ಣುಮಗಳ ಪಕ್ಕ ಬಸ್ಸಿನಲ್ಲಿ ಕೂತು, ಯಾರೂ ಕೇಳದ ಪ್ರಶ್ನೆ ಕೇಳಿ. 'ಏನಾತು ತಂಗಿ? ಯಾರು ಏನಂದ್ರು?' ಎಂದು ಆಕೆಯನ್ನೇ ಕೇಳಿ. ಮನಸ್ಸಿಗೆ ನಿಜಕ್ಕೂ ರೋಗ ಬಂದಿದ್ದರೆ ದಾವಣಗೆರೆಯಲ್ಲಿ ಡಾಕ್ಟರುಗಳಿದ್ದಾರೆ, ಕರೆದುಕೊಂಡು ಹೋಗಿ. ರೋಗ ಕೂಲಿಯದಾಗಿದ್ದರೆ ಸಂಘ ಇದೆ, ಆಕೆಯ ಜೊತೆ ಒಡೆಯನ ಬಾಗಿಲಿಗೆ ಹೋಗಿ ನಿಲ್ಲಿ.

ಆಕೆಗೆ ದೆವ್ವದ ಬಾಯಿ ಬೇಡ. ಪಾತ್ರದ ಬಾಯಿ ಸಿಕ್ಕರೂ ಸಾಲದು. ಹಗಲು ಹೊತ್ತಿನಲ್ಲಿ, ಬಣ್ಣವಿಲ್ಲದ ಮುಖದಲ್ಲಿ, ತನ್ನ ಸ್ವಂತ ಹೆಸರಿನಲ್ಲಿ ಆಕೆ 'ಲೇ, ನನ್ನ ಕೂಲಿ ತಂದು ಇಡಲೇ' ಅನ್ನಬೇಕು. ಅವತ್ತು ಊರು ಕೈಮುಗಿಯದಿದ್ದರೂ ಸರಿ, ಚಪ್ಪಾಳೆ ಹೊಡೆಯದಿದ್ದರೂ ಸರಿ. ಒಡೆಯ ಎದ್ದು ಒಳಗೆ ಹೋಗಿ ದುಡ್ಡು ಎಣಿಸಿ ತರಬೇಕು.

ಚಿಕ್ಕವ್ವ ಈಗಿಲ್ಲ. ಆ ಬಾಕಿ ಹಾಗೇ ಇದೆ.